ಶೋಕೇಸಿನೊಳಗಿನ ಆಂಪ್ಲಿಫೈಯರ್‌ಗೆ ಗಾಳಿ ಎಲ್ಲಿಂದ?

ಮನೆಯಲ್ಲಿ ಹಾಡು ಕೇಳಲು ಇಟ್ಟುಕೊಳ್ಳುವ ಸಲಕರಣೆಗಳಲ್ಲಿ ಅತಿ ಹೆಚ್ಚು ಬಿಸಿಯಾಗುವುದು ಆಂಪ್ಲಿಫೈಯರ್. ಸಾಕೆಟ್‌ನಿಂದ ಅದು ಎಳೆದುಕೊಳ್ಳುವ ವಿದ್ಯುತ್ತಿನಲ್ಲಿ ಸ್ಪೀಕರ್‌ವರೆಗೆ ತಲುಪುವುದು ತೀರಾ ಅಲ್ಪ ಪಾಲು. ಸಾಧಾರಣ ಗಾತ್ರದ ಹಾಲ್‌ನಲ್ಲಿ, ಪಕ್ಕದಲ್ಲಿ ಕೂತವರ ಮಾತು ಕೇಳಿಸುವಷ್ಟು ಮಟ್ಟಕ್ಕೆ ಹಾಡು ಹಾಕಿದರೆ ಸ್ಪೀಕರ್‌ಗೆ ಹೋಗುವುದು ಸರಾಸರಿ ಒಂದು ವ್ಯಾಟ್‌ನಷ್ಟು. ಅದೇ ಹೊತ್ತಿನಲ್ಲಿ ‘ಎಬಿ’ ವರ್ಗದ ಸ್ಟೀರಿಯೊ ಆಂಪ್ಲಿಫೈಯರ್ 30ರಿಂದ 60 ವ್ಯಾಟ್ ಬಳಸುತ್ತಿರುತ್ತದೆ. ಉಳಿದದ್ದೆಲ್ಲ ಟ್ರಾನ್ಸ್‌ಫಾರ್ಮರ್ ಮತ್ತು ಹೀಟ್‌ಸಿಂಕ್‌ಗಳ ಮೂಲಕ ಶಾಖವಾಗಿ ಹೊರಗೆ ಬರುತ್ತದೆ. ತೆರೆದ ಮೇಜಿನ ಮೇಲಿದ್ದರೆ ಆ ಶಾಖವನ್ನು ಸುತ್ತಲಿನ ಗಾಳಿ ಒಯ್ಯುತ್ತದೆ. ಬಾಗಿಲು ಹಾಕಿದ ಕಪಾಟಿನಲ್ಲಿದ್ದರೆ ಒಯ್ಯುವವರು ಯಾರೂ ಇರುವುದಿಲ್ಲ.

ಶಾಖದ ಪ್ರಮಾಣ ಆಂಪ್ಲಿಫೈಯರ್‌ನ ಬಗೆಯನ್ನು ಅವಲಂಬಿಸುತ್ತದೆ. ‘ಎ’ ವರ್ಗದ್ದು ಹಾಡಿದರೂ ಹಾಡದಿದ್ದರೂ ಒಂದೇ ಸಮನೆ ವಿದ್ಯುತ್ ಎಳೆಯುತ್ತದೆ. ಅದರ ದಕ್ಷತೆ ಲೆಕ್ಕದಲ್ಲೇ ಶೇ 50 ಮೀರುವುದಿಲ್ಲ. ‘ಬಿ’ ವರ್ಗದ ಮೇಲ್ಮಿತಿ ಶೇ 78.5. ಇವೆರಡರ ನಡುವಿನ ‘ಎಬಿ’ ಮನೆಗಳಲ್ಲಿ ಸಾಮಾನ್ಯ. ಇದರಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ವಾಲ್ಯೂಮ್ ತುತ್ತತುದಿಗೆ ತಿರುಗಿಸಿದಾಗ ಅದರ ಟ್ರಾನ್ಸಿಸ್ಟರ್‌ಗಳು ಅತಿ ಹೆಚ್ಚು ಕಾಯುತ್ತವೆ ಎಂಬ ನಂಬಿಕೆ ಸರಿಯಲ್ಲ. ಪೂರ್ಣ ಸಾಮರ್ಥ್ಯದ ಸುಮಾರು ಶೇ 40ರಲ್ಲಿ ಅವು ಅತಿ ಹೆಚ್ಚು ಶಾಖ ಬಿಡುತ್ತವೆ. ಹೊಸ ‘ಡಿ’ ವರ್ಗದವು ಶೇ 90ರ ಆಸುಪಾಸಿನ ದಕ್ಷತೆ ಮುಟ್ಟುತ್ತವೆ. ಅಂಗೈಯಗಲದ ಪೆಟ್ಟಿಗೆಯಲ್ಲಿ ಅವು ಸುಖವಾಗಿರುವುದಕ್ಕೆ ಇದೇ ಕಾರಣ. ಹೋಮ್ ಥಿಯೇಟರ್ ರಿಸೀವರ್ ಇನ್ನೊಂದು ತುದಿ. ಐದೋ ಏಳೋ ಆಂಪ್ಲಿಫೈಯರ್‌ಗಳು, ವಿಡಿಯೊ ಸರ್ಕ್ಯೂಟ್‌ಗಳು ಎಲ್ಲವೂ ಒಂದೇ ಡಬ್ಬದಲ್ಲಿ ತುಂಬಿರುವುದರಿಂದ ಅದು ಸುಮ್ಮನೆ ಕೂತಾಗಲೂ ಬೆಚ್ಚಗಿರುತ್ತದೆ.

ಬಿಸಿಯಿಂದ ಮೊದಲು ಸಾಯುವುದು ಟ್ರಾನ್ಸಿಸ್ಟರ್ ಅಲ್ಲ. ಸಿಲಿಕಾನ್ ಸಾಧನಗಳು ಒಳಗೆ 150 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವಂತೆ ತಯಾರಾಗುತ್ತವೆ. ಸೋಲುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಅದರೊಳಗಿನ ದ್ರವ ನಿಧಾನವಾಗಿ ಆರುತ್ತ ಹೋಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನಲ್ಲಿ ಎಲ್ಲರೂ ಬಳಸುವ ಅಂದಾಜು. 85 ಡಿಗ್ರಿಯಲ್ಲಿ 2000 ಗಂಟೆ ಬಾಳಿಕೆಯ ಕೆಪಾಸಿಟರ್ 55 ಡಿಗ್ರಿಯಲ್ಲಿದ್ದರೆ 16,000 ಗಂಟೆ ಬಾಳಬೇಕು. ದಿನಕ್ಕೆ ನಾಲ್ಕು ಗಂಟೆಯಂತೆ ಹತ್ತು ಹನ್ನೊಂದು ವರ್ಷ. ಅದೇ 75 ಡಿಗ್ರಿಯಲ್ಲಿ ಬೆಂದರೆ 4000 ಗಂಟೆ, ಎಂದರೆ ಮೂರು ವರ್ಷವೂ ಇಲ್ಲ. ಸ್ಪೀಕರ್‌ನಲ್ಲಿ ‘ಗುಂಯ್’ ಎನ್ನುವ ಸದ್ದು ಶುರುವಾಗಿ, ರಿಪೇರಿಯವರು ಹಳೆಯ ಕೆಪಾಸಿಟರ್ ಕಿತ್ತು ಹೊಸದು ಹಾಕಿಕೊಟ್ಟು, ಸಲಕರಣೆ ಮತ್ತೆ ಅದೇ ಕಪಾಟಿಗೆ ಸೇರಿದರೆ ಅದೇ ಕಥೆ ಮತ್ತೆ ಮೊದಲಾಗುತ್ತದೆ.

ಹಾಡುವ ಯಂತ್ರವನ್ನು ಪೀಠೋಪಕರಣದೊಳಗೆ ಅಡಗಿಸುವ ಪದ್ಧತಿ ಆಂಪ್ಲಿಫೈಯರ್‌ಗಿಂತ ಹಳೆಯದು. ಅಮೆರಿಕದ ವಿಕ್ಟರ್ ಕಂಪನಿ 1906ರಲ್ಲಿ ‘ವಿಕ್ಟ್ರೋಲ’ ತಂದು, ಗ್ರಾಮಫೋನಿನ ದೊಡ್ಡ ಕೊಳವೆಯನ್ನು ಮರದ ಕಪಾಟಿನೊಳಗೆ ಮಡಚಿಟ್ಟಿತು. ಕೀಲಿ ಕೊಟ್ಟರೆ ತಿರುಗುವ ಯಂತ್ರ ಅದು. ಬಿಸಿಯ ಪ್ರಶ್ನೆಯೇ ಇರಲಿಲ್ಲ. ಪ್ರಶ್ನೆ ಬಂದದ್ದು ವಾಲ್ವ್ ರೇಡಿಯೊ ಜೊತೆಗೆ. ಶಿವನಸಮುದ್ರದ ವಿದ್ಯುತ್ 1905ರಲ್ಲೇ ಬೆಂಗಳೂರಿಗೆ ಬಂದಿತ್ತು; 1955ರಲ್ಲಿ ಆಕಾಶವಾಣಿಯ ಬೆಂಗಳೂರು ಕೇಂದ್ರ ಆರಂಭವಾದ ಕಾಲಕ್ಕೆ ಪೇಟೆಯ ಅನುಕೂಲಸ್ಥರ ಮನೆಗಳಲ್ಲಿ ಮರ್ಫಿ, ಫಿಲಿಪ್ಸ್, ಬುಷ್ ರೇಡಿಯೊಗಳು ಹಾಲ್‌ನ ಎತ್ತರದ ಹಲಗೆ ಏರಿದ್ದವು. ಐದು ವಾಲ್ವ್‌ನ ಸೆಟ್ಟು 40ರಿಂದ 50 ವ್ಯಾಟ್ ಬಳಸುತ್ತಿತ್ತು. ಇಎಲ್84 ಎಂಬ ಜನಪ್ರಿಯ ಔಟ್‌ಪುಟ್ ವಾಲ್ವ್‌ನ ತಂತಿ ಕಾಯಿಸುವುದಕ್ಕೇ 6.3 ವೋಲ್ಟ್‌ನಲ್ಲಿ 0.76 ಆ್ಯಂಪಿಯರ್, ಅಂದರೆ ಸುಮಾರು 4.8 ವ್ಯಾಟ್ ಬೇಕು; ಅದರ ಆನೋಡ್ ಬಿಡುವ ಬಿಸಿ 12 ವ್ಯಾಟ್‌ವರೆಗೆ. ತಯಾರಕರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಮುಂದೆ ಪಾಲಿಶ್ ಮಾಡಿದ ಮರ ಹೊಳೆಯುತ್ತಿದ್ದರೂ ಹಿಂದೆ ಇದ್ದದ್ದು ಸಾಲುಸಾಲು ತೂತು ಹೊಡೆದ ಹಾರ್ಡ್‌ಬೋರ್ಡ್. ರೇಡಿಯೊವನ್ನು ಗೋಡೆಗೆ ಒತ್ತಿ ಇಡಬಾರದು ಎಂಬ ಸೂಚನೆಯೂ ಜೊತೆಗೆ ಬರುತ್ತಿತ್ತು. ರೆಕಾರ್ಡ್ ಚೇಂಜರ್, ರೇಡಿಯೊ, ಸ್ಪೀಕರ್ ಮೂರನ್ನೂ ಒಂದೇ ತೇಗದ ಪೆಟ್ಟಿಗೆಯಲ್ಲಿ ಕೂಡಿಸಿದ ರೇಡಿಯೊಗ್ರಾಂ ಸಹ ಬೆನ್ನು ತೆರೆದುಕೊಂಡೇ ನಿಲ್ಲುತ್ತಿತ್ತು. ಪೀಠೋಪಕರಣ ಮತ್ತು ಸರ್ಕ್ಯೂಟ್ ಎರಡನ್ನೂ ಒಂದೇ ಕೈ ಯೋಚಿಸಿ ಮಾಡಿದ್ದರಿಂದ ಗಾಳಿಯ ದಾರಿ ಮರೆಯಾಗಲಿಲ್ಲ.

ಮುಂದೆ ಟ್ರಾನ್ಸಿಸ್ಟರ್ ಬಂತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದ ಆರಂಭದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನು ತಯಾರಿಸತೊಡಗಿತು. ಟ್ರಾನ್ಸಿಸ್ಟರ್ ರೇಡಿಯೊ, ಆನಂತರದ ಟೂ-ಇನ್-ಒನ್ ಬ್ಯಾಟರಿಯಲ್ಲಿ ಓಡುವಷ್ಟು ಮಿತವ್ಯಯಿಗಳು, ಎಲ್ಲಿಟ್ಟರೂ ಕಾಯುತ್ತಿರಲಿಲ್ಲ. ಜಾರುವ ಗಾಜಿನ ಬಾಗಿಲಿನ ಶೋಕೇಸ್ ಬೆಂಗಳೂರಿನ ಮನೆಗಳಲ್ಲಿ ನೆಲೆಯಾದದ್ದು ಈ ಕಾಲದಲ್ಲೇ. ಒಂದು ಖಾನೆಯಲ್ಲಿ ಚನ್ನಪಟ್ಟಣದ ಗೊಂಬೆ, ಮತ್ತೊಂದರಲ್ಲಿ ಮಕ್ಕಳು ಗೆದ್ದ ಬಟ್ಟಲು, ನಡುವೆ ಟೇಪ್ ರೆಕಾರ್ಡರ್. 1983ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದ ಮೇಲೆ ಟಿ.ವಿ. ಆ ನಡುವಿನ ಜಾಗಕ್ಕೆ ಬಂತು, ಟೇಪ್ ಡೆಕ್ಕು ಆಂಪ್ಲಿಫೈಯರ್ ಪಕ್ಕಕ್ಕೆ ಸರಿದವು. ಹೀಗೆ ತಣ್ಣಗಿನ ಸಲಕರಣೆಗಳ ಕಾಲದಲ್ಲಿ ರೂಢಿಯಾದ ಮುಚ್ಚಿದ ಕಪಾಟು, ಸಲಕರಣೆ ಮತ್ತೆ ಬಿಸಿಯಾದ ಮೇಲೂ ಬದಲಾಗಲಿಲ್ಲ. ಇಂದಿನ ಲ್ಯಾಮಿನೇಟ್ ಹಚ್ಚಿದ ಟಿ.ವಿ. ಯೂನಿಟ್ ಆ ಶೋಕೇಸಿನ ನೇರ ವಾರಸುದಾರ. ಗಾಜಿನ ಬದಲು ಪ್ಲೈವುಡ್ ಬಾಗಿಲು ಬಂದು ಅದು ಇನ್ನೂ ಬಿಗಿಯಾಗಿದೆ.

ಬೆಂಗಳೂರಿನ ಹಳೆಯ ಪೇಟೆಗೆ ಸೇರಿದ ಕಾಟನ್‌ಪೇಟೆಯಲ್ಲಿ ಈ ತೊಂದರೆ ಬಡಾವಣೆಗಳಿಗಿಂತ ಹೆಚ್ಚು. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗ್ ಹಾವಳಿಯ ಬಳಿಕ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಯ ಸುತ್ತ ಖಾಲಿ ಜಾಗ ಬಿಡುವ ಕ್ರಮವಿತ್ತು. ಅಲ್ಲಿನ ಹಳೆಯ ಮನೆಗಳಲ್ಲಿ ಕಿಟಕಿ ತಗ್ಗಿನಲ್ಲಿ, ಗವಾಕ್ಷಿ ಸೂರಿನ ಕೆಳಗೆ ಇರುತ್ತದೆ. ತಂಪು ಗಾಳಿ ಕೆಳಗಿನಿಂದ ಬಂದು ಬಿಸಿ ಗಾಳಿ ಮೇಲಿನಿಂದ ಹೋಗುತ್ತದೆ. ಕಾಟನ್‌ಪೇಟೆ, ಅಕ್ಕಿಪೇಟೆ, ಬಳೇಪೇಟೆಗಳ ನಿವೇಶನಗಳು ಅಗಲ ಕಡಿಮೆ, ಉದ್ದ ಹೆಚ್ಚು. ಕೆಳಗೆ ಅಂಗಡಿ ಇಲ್ಲವೇ ಗೋದಾಮು, ಮೇಲೆ ಮನೆ. ಅಕ್ಕಪಕ್ಕದ ಕಟ್ಟಡಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಗಾಳಿ ಬರುವುದು ಬೀದಿ ಕಡೆಯಿಂದ, ಹೋಗುವುದು ಹಿತ್ತಲಿನಿಂದಲೋ ನಡುವಿನ ಬೆಳಕಿಂಡಿಯಿಂದಲೋ. ಹಾಲ್ ಕಿರಿದಾದಷ್ಟೂ ಎಲ್ಲವನ್ನೂ ಗೋಡೆಗಂಟಿಸಿದ ಕಪಾಟಿಗೆ ಸೇರಿಸುವ ಅಗತ್ಯ ಹೆಚ್ಚುತ್ತದೆ. ಆದ್ದರಿಂದ ಕಪಾಟು ಬೇಡ, ಸಲಕರಣೆ ತೆರೆದಿಡಿ ಎಂಬ ಉಪದೇಶ ಇಲ್ಲಿ ನಡೆಯುವುದಿಲ್ಲ. ಕಪಾಟನ್ನೇ ಸರಿಯಾಗಿ ಮಾಡಿಸಬೇಕು.

ಮುಚ್ಚಿದ ಕಪಾಟಿನಲ್ಲಿ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. 60 ಸೆಂ.ಮೀ. ಅಗಲ, 45 ಸೆಂ.ಮೀ. ಆಳ, 25 ಸೆಂ.ಮೀ. ಎತ್ತರದ ಖಾನೆಯ ಆರೂ ಮೈ ಸೇರಿ ಒಂದು ಚದರ ಮೀಟರ್‌ಗಿಂತ ತುಸು ಹೆಚ್ಚು. 18 ಮಿ.ಮೀ. ಪ್ಲೈವುಡ್ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಆರೂ ಕಡೆ ತೆರೆದ ಗಾಳಿ ಇದ್ದರೂ ಒಳಗೆ ಒಂದು ಡಿಗ್ರಿ ಏರಿದರೆ ಹೊರಬೀಳುವುದು ಸುಮಾರು 2.7 ವ್ಯಾಟ್. ಹಾಗಾಗಿ 30 ವ್ಯಾಟ್‌ಗೆ ಒಳಗಿನ ಗಾಳಿ ಕೋಣೆಗಿಂತ 11 ಡಿಗ್ರಿ, 60 ವ್ಯಾಟ್‌ಗೆ 22 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ವಾಸ್ತವದಲ್ಲಿ ಬೆನ್ನು ಗೋಡೆಗೆ, ಪಕ್ಕಗಳು ಬೇರೆ ಖಾನೆಗಳಿಗೆ ತಾಗಿರುತ್ತವೆ. ಶಾಖ ಬಿಡುವ ಮೈ ಅರ್ಧಕ್ಕಿಳಿದರೆ ಏರಿಕೆ ಇಮ್ಮಡಿ. ಏಪ್ರಿಲ್‌ನಲ್ಲಿ ಹಾಲ್ 34 ಡಿಗ್ರಿ ಇರುವಾಗ 60 ವ್ಯಾಟ್‌ನ ರಿಸೀವರ್ ಇಂಥ ಖಾನೆಯಲ್ಲಿ 70 ಡಿಗ್ರಿ ದಾಟಿದ ಗಾಳಿಯಲ್ಲಿ ಕೂತಿರುತ್ತದೆ. ಬೆಂಗಳೂರು ತಂಪೂರು ಎಂಬ ಮಾತನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳು ನಡೆಯುವುದೂ ಇದೇ ಬೇಸಿಗೆಯಲ್ಲಿ. ಮೂರು ಗಂಟೆಯ ಕಚೇರಿಯ ಧ್ವನಿಮುದ್ರಿಕೆಯನ್ನು ಮನೆಯಲ್ಲಿ ಕೂತು ಪೂರ್ತಿ ಕೇಳುವ ಅಭ್ಯಾಸವೂ ಈ ಭಾಗದಲ್ಲಿದೆ. ಪ್ಲೈವುಡ್ ಖಾನೆ ತನ್ನ ಗರಿಷ್ಠ ಬಿಸಿ ತಲುಪಲು ಒಂದೆರಡು ಗಂಟೆ ಸಾಕು. ತನಿ ಆವರ್ತನದ ಹೊತ್ತಿಗೆ ಆಂಪ್ಲಿಫೈಯರ್ ತಾನೇ ಆಫ್ ಆದರೆ ಅದು ಕೆಟ್ಟಿದೆ ಎಂದುಕೊಳ್ಳಬೇಕಾಗಿಲ್ಲ. ಒಳಗಿನ ಉಷ್ಣ ರಕ್ಷಣೆ ಅದನ್ನು ನಿಲ್ಲಿಸಿದೆ, ಅಷ್ಟೆ.

ನಗರದ ಎತ್ತರವೂ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 10ರಷ್ಟು ಕಡಿಮೆ. ಫ್ಯಾನ್ ಇಲ್ಲದೆ ತಾನಾಗಿ ಏರುವ ಗಾಳಿಯ ತಂಪುಮಾಡುವ ಶಕ್ತಿ ಅದರಿಂದ ಶೇ 5ರಷ್ಟು ತಗ್ಗುತ್ತದೆ. ದೊಡ್ಡ ನಷ್ಟವೇನಲ್ಲ. ಆದರೆ ಕೈಪಿಡಿಗಳು ಹೇಳುವ ಅಂತರವನ್ನು, ಅನೇಕ ರಿಸೀವರ್‌ಗಳಿಗೆ ಅದು ಮೇಲೆ 30 ಸೆಂ.ಮೀ., ಪಕ್ಕಗಳಲ್ಲಿ 20 ಸೆಂ.ಮೀ., ಇಲ್ಲಿ ಕನಿಷ್ಠ ಎಂದೇ ಎಣಿಸುವುದು ಒಳ್ಳೆಯದು.

ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಕೆಳಗೊಂದು ದಾರಿ, ಮೇಲೊಂದು ದಾರಿ ಕೊಟ್ಟರೆ ಕಪಾಟು ಹೊಗೆಗೂಡಿನಂತೆ ತಾನಾಗಿ ಎಳೆಯತೊಡಗುತ್ತದೆ. ಎಳೆತದ ಬಲ ಎರಡು ದಾರಿಗಳ ನಡುವಿನ ಎತ್ತರಕ್ಕೂ ಒಳಹೊರಗಿನ ಉಷ್ಣಾಂಶದ ಅಂತರಕ್ಕೂ ತಕ್ಕಂತೆ ಇರುತ್ತದೆ. ಒಳಗಿನ ಗಾಳಿ ಕೋಣೆಗಿಂತ 10 ಡಿಗ್ರಿಗಿಂತ ಹೆಚ್ಚು ಏರಬಾರದು ಎಂದು ಇಟ್ಟುಕೊಂಡರೆ 60 ವ್ಯಾಟ್ ಹೊತ್ತೊಯ್ಯಲು ಸೆಕೆಂಡಿಗೆ ಐದೂವರೆ ಲೀಟರ್‌ಗಿಂತ ತುಸು ಹೆಚ್ಚು ಗಾಳಿ ಹರಿಯಬೇಕು. ದಾರಿಗಳ ನಡುವೆ 60 ಸೆಂ.ಮೀ. ಎತ್ತರವಿದ್ದರೆ ಒಂದೊಂದು ದಾರಿಗೂ ಸುಮಾರು 215 ಚದರ ಸೆಂ.ಮೀ. ತೆರಪು ಬೇಕು, ಎಂದರೆ 43 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಸೀಳು. ಎತ್ತರ 20 ಸೆಂ.ಮೀ. ಮಾತ್ರ ಇದ್ದರೆ ಅದೇ ಕೆಲಸಕ್ಕೆ 375 ಚದರ ಸೆಂ.ಮೀ. ಬೇಕಾಗುತ್ತದೆ. ಹಳೆಯ ಎತ್ತರದ ಶೋಕೇಸ್‌ಗಿಂತ ಈಗಿನ ತಗ್ಗಾದ, ಉದ್ದನೆಯ ಟಿ.ವಿ. ಯೂನಿಟ್‌ನಲ್ಲಿ ಸಲಕರಣೆ ಹೆಚ್ಚು ಕಾಯುವುದು ಇದಕ್ಕೇ.

ಈ ಅಳತೆಗಳನ್ನು ಸಾಮಾನ್ಯವಾಗಿ ಮಾಡಿಸುವ ಕೆಲಸದ ಪಕ್ಕದಲ್ಲಿಟ್ಟು ನೋಡಬೇಕು. ವೈರ್ ಹೋಗಲೆಂದು ಕಾರ್ಪೆಂಟರ್ ಹಿಂದಿನ ಹಲಗೆಗೆ 60 ಮಿ.ಮೀ.ಯ ಒಂದು ತೂತು ಹೊಡೆಯುತ್ತಾರೆ. ಅದರ ವಿಸ್ತೀರ್ಣ 28 ಚದರ ಸೆಂ.ಮೀ.; ಅರ್ಧ ವೈರ್‌ಗಳಿಂದಲೇ ತುಂಬಿರುತ್ತದೆ. ಬೇಕಾದ್ದರ ಹತ್ತನೇ ಒಂದು ಪಾಲೂ ಅಲ್ಲ, ಮೇಲಾಗಿ ಎರಡನೆಯ ದಾರಿ ಇಲ್ಲವೇ ಇಲ್ಲ. ಒಂದೇ ತೂತಿನಿಂದ ಗಾಳಿ ಓಡಾಡುವುದಿಲ್ಲ. ಬಾಗಿಲಿಗೆ ತೂತಿನ ತಗಡು ಹಾಕಿಸಿದರೆ ನೋಟಕ್ಕೂ ಚೆನ್ನ, ಕೆಲಸಕ್ಕೂ ಬರುತ್ತದೆ. ಆದರೆ 3 ಮಿ.ಮೀ. ತೂತುಗಳು 5 ಮಿ.ಮೀ. ಅಂತರದಲ್ಲಿರುವ ತಗಡಿನಲ್ಲಿ ತೆರೆದ ಜಾಗ ಮೂರನೇ ಒಂದು ಭಾಗ ಮಾತ್ರ. ಲೆಕ್ಕದ ಮೂರರಷ್ಟು ತಗಡು ಬೇಕು. ಬೆತ್ತದ ಹೆಣಿಗೆಯ ಬಾಗಿಲಿಗೂ ಇದೇ ಮಾತು. ಬೆತ್ತಕ್ಕೆ ಇನ್ನೊಂದು ಅನುಕೂಲ: ರಿಮೋಟ್‌ನ ಕಿರಣ ಅದರ ಸಂದುಗಳಿಂದ ಒಳಗೆ ಹೋಗುತ್ತದೆ, ಬಾಗಿಲು ತೆರೆಯಬೇಕಾಗಿಲ್ಲ. ಎಲ್ಲಕ್ಕಿಂತ ಸರಳ ಉಪಾಯ ಹಿಂದಿನ 6 ಮಿ.ಮೀ. ಪ್ಲೈ ಹಾಕಿಸದೆ ಬಿಟ್ಟು, ಯೂನಿಟ್ಟನ್ನು ಗೋಡೆಯಿಂದ 7–8 ಸೆಂ.ಮೀ. ಮುಂದೆ ನಿಲ್ಲಿಸುವುದು. ಪ್ಲೈ ಖರ್ಚೂ ಉಳಿಯುತ್ತದೆ. ಇವೆಲ್ಲ ಲ್ಯಾಮಿನೇಟ್ ಅಂಟಿಸುವ ಮೊದಲೇ ನಕ್ಷೆಯಲ್ಲಿ ಬರಬೇಕು. ಫೆವಿಕಾಲ್ ಒಣಗಿದ ಮೇಲೆ ಕೊರೆಯಲು ಹೋದರೆ ಅಂಚು ಎದ್ದು, ಮನೆಯವರಿಗೂ ಕಾರ್ಪೆಂಟರ್‌ಗೂ ಮನಸ್ತಾಪವೇ ಮಿಗುತ್ತದೆ. ಹೀಗಾಗಿ ಆಂಪ್ಲಿಫೈಯರ್ ಕೊಂಡ ಮೇಲೆ ಕಪಾಟಿನ ಅಳತೆ ಕೊಡುವುದು ಸರಿಯಾದ ಕ್ರಮ.

ಹಳೆಯ ಮನೆಗಳಲ್ಲಿ ಗೋಡೆಯೊಳಗೇ ಕಟ್ಟಿದ, ಕಡಪ ಕಲ್ಲಿನ ಹಲಗೆಗಳ ಕಪಾಟು ಇರುತ್ತದೆ. ಸಲಕರಣೆ ಇಡಲು ಅದು ಒಂದು ಬಗೆಯಲ್ಲಿ ಅತ್ಯುತ್ತಮ: ಕಲ್ಲು ಬಾಗುವುದಿಲ್ಲ, ಅಲುಗುವುದಿಲ್ಲ, ಪ್ಲೈವುಡ್‌ಗಿಂತ ಎಷ್ಟೋ ಪಟ್ಟು ಚೆನ್ನಾಗಿ ಶಾಖ ಹೀರಿಕೊಳ್ಳುತ್ತದೆ, ಗೆದ್ದಲು ಹಿಡಿಯುವುದಿಲ್ಲ. ಆದರೆ ಮೂರು ಕಡೆ ಗೋಡೆ, ಕಲ್ಲು ಹಿಂದಿನವರೆಗೂ ಮುಚ್ಚಿಕೊಂಡಿರುವುದರಿಂದ ಗಾಳಿಗೆ ಹಿಂಬದಿಯಲ್ಲಿ ದಾರಿ ಇಲ್ಲ. ಆಳವೂ ಒಂದಡಿ, ಒಂದೂಕಾಲು ಅಡಿ ಮೀರುವುದು ಕಷ್ಟ. ದೊಡ್ಡ ಆಂಪ್ಲಿಫೈಯರ್ ಮುಂದಕ್ಕೆ ಚಾಚಿಕೊಳ್ಳುತ್ತದೆ. ಮರದ ಬಾಗಿಲು ಕಳಚಿ ಜಾಲರಿಯ ಬಾಗಿಲು ಹಾಕಿಸಿ, ಕಟ್ಟರ್ ಯಂತ್ರದಿಂದ ಕಲ್ಲಿನ ಹಿಂದಿನ ಅಂಚಿನಲ್ಲಿ 6–7 ಸೆಂ.ಮೀ. ಅಗಲದ ಪಟ್ಟಿ ತೆಗೆಸಿದರೆ ಖಾನೆಯಿಂದ ಖಾನೆಗೆ ಗಾಳಿ ಏರುತ್ತದೆ. ಕಲ್ಲು ಎರಡೂ ಪಕ್ಕದ ಗೋಡೆಯಲ್ಲಿ ಹುಗಿದಿರುವುದರಿಂದ ಪಟ್ಟಿಯನ್ನು ಗೋಡೆಯವರೆಗೂ ಕೊಯ್ಯದೆ ಎರಡು ತುದಿಯಲ್ಲಿ ಬಿಡಬೇಕು. ಬಾಡಿಗೆ ಮನೆಯಾದರೆ ಕಲ್ಲಿಗೆ ಕೈ ಹಚ್ಚದೆ, ಬಾಗಿಲು ತೆಗೆದಿಟ್ಟು, ಅತಿ ಮೇಲಿನ ಖಾನೆಯಲ್ಲಿ ಆಂಪ್ಲಿಫೈಯರ್ ಇಟ್ಟರೂ ಸಾಕಷ್ಟು ಅನುಕೂಲವಾಗುತ್ತದೆ.

ಜಾಗ ಕೂಡಿಬರದ ಕಡೆ ಫ್ಯಾನ್ ಬೇಕು. ಕಾಟನ್‌ಪೇಟೆಯಿಂದ ಎಸ್.ಪಿ. ರಸ್ತೆ ನಡೆದು ಹೋಗುವಷ್ಟು ಹತ್ತಿರ. ಕಂಪ್ಯೂಟರ್‌ಗೆ ಬಳಸುವ 120 ಮಿ.ಮೀ., 12 ವೋಲ್ಟ್ ಫ್ಯಾನ್, ಅಡಾಪ್ಟರ್, ಉಷ್ಣಾಂಶ ನೋಡಿ ತಾನೇ ಚಾಲೂ ಆಗುವ ಪುಟ್ಟ ಥರ್ಮೋಸ್ಟಾಟ್ ಬೋರ್ಡ್ ಎಲ್ಲವೂ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ. ಇಂಥ ಫ್ಯಾನ್ ತೆರೆದ ಗಾಳಿಯಲ್ಲಿ ಸೆಕೆಂಡಿಗೆ 20 ಲೀಟರ್‌ಗಿಂತ ಹೆಚ್ಚು ದೂಡಬಲ್ಲದು. ಜಾಲರಿಯ ತಡೆಯಲ್ಲಿ ಅದು ಅರ್ಧಕ್ಕಿಳಿದರೂ 60 ವ್ಯಾಟ್‌ಗೆ ಬೇಕಾದ್ದಕ್ಕಿಂತ ಹೆಚ್ಚೇ. 12 ವೋಲ್ಟ್ ಬದಲು 7ರಿಂದ 9 ವೋಲ್ಟ್‌ನಲ್ಲಿ ಓಡಿಸಿದರೆ ವೇಗ ತಗ್ಗಿ ಸದ್ದು ಕೇಳಿಸದಂತಾಗುತ್ತದೆ. ತಂಬೂರಿಯ ಶ್ರುತಿಯ ಹಿಂದೆ ಫ್ಯಾನಿನ ಗೊರಗೊರ ಯಾರಿಗೂ ಬೇಡ. ಫ್ಯಾನನ್ನು ಹಿಂಬದಿಯ ಮೇಲ್ತುದಿಯಲ್ಲಿ ಗಾಳಿ ಹೊರಗೆ ಎಳೆಯುವಂತೆ ಕೂರಿಸಬೇಕು. ಒಳಬರುವ ದಾರಿ ಮುಂಬದಿಯ ತಗ್ಗಿನಲ್ಲಿರಬೇಕು. ಎರಡೂ ಪಕ್ಕಪಕ್ಕದಲ್ಲಿದ್ದರೆ ಗಾಳಿ ಹತ್ತಿರದ ದಾರಿ ಹಿಡಿದು ಹೊರಟುಹೋಗುತ್ತದೆ, ಆಂಪ್ಲಿಫೈಯರ್ ಇದ್ದಲ್ಲೇ ಬೇಯುತ್ತದೆ. ತಿರುಪಿನ ಕೆಳಗೆ ರಬ್ಬರ್ ವಾಷರ್ ಹಾಕಿದರೆ ಹಲಗೆ ಗುಂಯ್‌ಗುಡುವುದಿಲ್ಲ. ಥರ್ಮೋಸ್ಟಾಟನ್ನು 40 ಡಿಗ್ರಿಗೆ ಚಾಲೂ ಆಗುವಂತೆ ಇಡುವುದು ಇಲ್ಲಿನ ಬೇಸಿಗೆಗೆ ಹೊಂದುತ್ತದೆ. ಅದಕ್ಕಿಂತ ತಗ್ಗಿಸಿದರೆ ಏಪ್ರಿಲ್ ತಿಂಗಳಲ್ಲಿ ಅದು ನಿಲ್ಲುವುದೇ ಇಲ್ಲ. ಫ್ಯಾನ್ ಇದೆ ಎಂದು ಸೀಳುಗಳನ್ನು ಕಿರಿದು ಮಾಡುವುದು ಅಪಾಯ. ಕಪಾಟಿನೊಳಗಿನ ಫ್ಯಾನ್ ನಿಂತುಹೋದದ್ದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ.

ಮನೆಯಲ್ಲೇ ರ‍್ಯಾಕ್ ಮಾಡಿಕೊಳ್ಳುವವರ ಹಾದಿ ಸುಲಭ, ಏಕೆಂದರೆ ರ‍್ಯಾಕ್‌ಗೆ ಬಾಗಿಲೂ ಇಲ್ಲ ಬೆನ್ನೂ ಇಲ್ಲ. ಎರಡು ವಿಧಾನಗಳು ಚೆನ್ನಾಗಿ ನಡೆದುಬಂದಿವೆ. ಗೋದಾಮುಗಳಲ್ಲಿ ಬಳಸುವ ಸ್ಲಾಟೆಡ್ ಆ್ಯಂಗಲ್‌ಗೆ ಪ್ಲೈ ಹಲಗೆ ಹಾಕುವುದು ಒಂದು: ಗಟ್ಟಿ, ಅಗ್ಗ, ನೋಟಕ್ಕೆ ಒರಟು. ಇನ್ನೊಂದರಲ್ಲಿ 12 ಮಿ.ಮೀ.ಯ ನಾಲ್ಕು ಥ್ರೆಡ್ ರಾಡ್‌ಗಳನ್ನು ಹಲಗೆಗಳ ಮೂಲೆಗಳಲ್ಲಿ ತೂರಿಸಿ, ಪ್ರತಿ ಹಲಗೆಯ ಮೇಲೂ ಕೆಳಗೂ ನಟ್ಟು, ವಾಷರ್ ಬಿಗಿಯುತ್ತಾರೆ. ಹೊಸ ಸಲಕರಣೆ ಬಂದಾಗ ನಟ್ಟು ತಿರುಗಿಸಿ ಹಲಗೆಯ ಎತ್ತರ ಬದಲಿಸಬಹುದು. ನೆಲ ಏರುತಗ್ಗಾಗಿದ್ದರೂ ಇದೇ ಉಪಾಯದಿಂದ ಮಟ್ಟ ಹೊಂದಿಸಬಹುದು. ಪ್ಲೈವುಡ್ ಅಂಗಡಿಗಳು, ಮೈಸೂರು ರಸ್ತೆ ಕಡೆಯ ಮರದ ಮಂಡಿಗಳು ಅಳತೆಗೆ ಹಲಗೆ ಕೊಯ್ದು ಕೊಡುತ್ತವೆ. ಸಾಮಾನ್ಯ ಸಲಕರಣೆಗಳ ಅಗಲ 43–44 ಸೆಂ.ಮೀ.; ಹಲಗೆ 55–60 ಸೆಂ.ಮೀ. ಇದ್ದರೆ ಪಕ್ಕಗಳಲ್ಲಿ ಗಾಳಿಯಾಡುತ್ತದೆ. ಆಳಕ್ಕೆ ಹಿಂದಿನ ವೈರ್ ಪಿನ್ನುಗಳ 7–8 ಸೆಂ.ಮೀ. ಸೇರಿಸುವುದನ್ನು ಹಲವರು ಮರೆಯುತ್ತಾರೆ. ಭಾರಿ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್ 10ರಿಂದ 20 ಕಿಲೊ ತೂಗುತ್ತದೆ. ಹಲಗೆಯ ಉದ್ದ ಇಮ್ಮಡಿಯಾದರೆ ಅದೇ ಭಾರಕ್ಕೆ ಬಾಗುವಿಕೆ ಎಂಟು ಪಟ್ಟಾಗುತ್ತದೆ. ಆದ್ದರಿಂದ ನಾಲ್ಕಡಿ ಉದ್ದದ ಒಂದೇ ಹಲಗೆಗಿಂತ ಎರಡಡಿಯ ಎರಡು ರ‍್ಯಾಕ್‌ಗಳು ಮೇಲು.

ಆರ್ಕೆಸ್ಟ್ರಾದವರು, ಸೌಂಡ್ ಸರ್ವಿಸ್‌ನವರು ಬಳಸುವ 19 ಇಂಚಿನ, ಎಂದರೆ 482.6 ಮಿ.ಮೀ. ಅಗಲದ ಕಬ್ಬಿಣದ ರ‍್ಯಾಕ್ ನೋಡಿ ಮನೆಯ ಸಲಕರಣೆಗಳನ್ನೂ ಹಾಗೆಯೇ ಒಂದರ ಮೇಲೊಂದು ಅಂಟಿಸಿ ಜೋಡಿಸುವವರಿದ್ದಾರೆ. ಅಲ್ಲಿನ ಆಂಪ್ಲಿಫೈಯರ್‌ಗಳಲ್ಲಿ ಫ್ಯಾನ್ ಇರುತ್ತದೆ. ಗಾಳಿ ಮುಂದಿನಿಂದ ಹಿಂದಕ್ಕೋ ಹಿಂದಿನಿಂದ ಮುಂದಕ್ಕೋ ಹರಿಯುವುದರಿಂದ ಮೇಲೆ ಜಾಗ ಬೇಡ. ಮನೆಯದ್ದು ಕೆಳಗಿನ ತೂತುಗಳಿಂದ ಗಾಳಿ ಎಳೆದು ಮೇಲಿನ ಸೀಳುಗಳಿಂದ ಬಿಡುತ್ತದೆ. ಅದರ ನೆತ್ತಿಯ ಮೇಲೆ ಸೆಟ್‌ಟಾಪ್ ಬಾಕ್ಸ್ ಇಟ್ಟರೆ ಎರಡೂ ಹಾಳು.

ಜೋಡಣೆಯ ಕ್ರಮದಲ್ಲಿ ಅತಿ ಬಿಸಿಯಾದದ್ದು ಅತಿ ಮೇಲೆ, ಅದರ ಮೇಲೆ ಏನೂ ಇಲ್ಲ ಎಂಬುದು ಮೊದಲ ನಿಯಮ. ಸಿ.ಡಿ. ಪ್ಲೇಯರ್, ಟೇಪ್ ಡೆಕ್ಕುಗಳು ಕೆಳಗಿದ್ದರೆ ಸಾಕು. ವಾಲ್ವ್ ಆಂಪ್ಲಿಫೈಯರ್ ಅನ್ನು ಯಾವ ಕಾರಣಕ್ಕೂ ಕಪಾಟಿನೊಳಗೆ ಇಡಬಾರದು. ಔಟ್‌ಪುಟ್ ವಾಲ್ವ್‌ನ ಗಾಜು 150 ಡಿಗ್ರಿ ದಾಟುತ್ತದೆ. ತೊಡಕಾಗುವುದು ಟರ್ನ್‌ಟೇಬಲ್ ಇದ್ದಾಗ, ಏಕೆಂದರೆ ಅದಕ್ಕೂ ಮೇಲಿನ ಜಾಗವೇ ಬೇಕು. ಅದನ್ನು ಆಂಪ್ಲಿಫೈಯರ್ ಜೊತೆ ಒಂದೇ ರ‍್ಯಾಕ್‌ನಲ್ಲಿ ಇಡದಿರುವುದೇ ಉತ್ತಮ. ಸೂಜಿಯಿಂದ ಬರುವ ಸಂಕೇತ ಬರೀ 5 ಮಿಲಿವೋಲ್ಟ್‌ನಷ್ಟು. ಪಕ್ಕದ ಟ್ರಾನ್ಸ್‌ಫಾರ್ಮರ್‌ನ ಗುಂಯ್‌ಕಾರ ಅದಕ್ಕೆ ಸುಲಭವಾಗಿ ಅಂಟುತ್ತದೆ. ಪೇಟೆಯ ಹಳೆಯ ಮಾಳಿಗೆಗಳಲ್ಲಿ ಮರದ ತೊಲೆಗಳ ಮೇಲೆ ಗಾರೆ ಹಾಕಿದ ನೆಲವಿದ್ದರೆ ಯಾರಾದರೂ ನಡೆದಾಗ ಸೂಜಿ ಹಾರುತ್ತದೆ. ಅಂಥಲ್ಲಿ ದಪ್ಪ ಗೋಡೆಗೆ ಕಬ್ಬಿಣದ ಬ್ರಾಕೆಟ್ ಹೊಡೆದು ಅದರ ಮೇಲೆ ಹಲಗೆ ಕೂರಿಸುವುದು ಸರಿಯಾದ ಪರಿಹಾರ. ರೆಕಾರ್ಡ್‌ಗಳು ಆಂಪ್ಲಿಫೈಯರ್‌ನ ಮೇಲಿನ ಖಾನೆಯಲ್ಲಿ ಇರಲೇಬಾರದು. ವಿನೈಲ್ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಿ ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಅವನ್ನು ನೆಟ್ಟಗೆ ನಿಲ್ಲಿಸಿ, ಅತಿ ಕೆಳಗಿನ ಖಾನೆಯಲ್ಲಿಡಬೇಕು, ನೂರು ಎಲ್.ಪಿ.ಗಳು ಕವರ್ ಸಮೇತ ಸುಮಾರು 25 ಕಿಲೊ ತೂಗುವುದರಿಂದ ರ‍್ಯಾಕ್‌ಗೆ ಕೆಳಗಿನ ಭಾರವೂ ಸಿಗುತ್ತದೆ. ಸ್ಪೀಕರ್‌ಗಳಿಗೆ ಶೋಕೇಸ್ ಜಾಗವಲ್ಲ. ಗಾಜು ನಡುಗುತ್ತದೆ, ಮೃದಂಗದ ಎಡಭಾಗ ಡಬ್ಬದೊಳಗಿನಿಂದ ಬಂದಂತೆ ಕೇಳುತ್ತದೆ. ಹತ್ತಡಿ ಅಗಲದ ಹಾಲ್‌ನಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ ಅವುಗಳ ಮುಖ ಹಲಗೆಯ ಅಂಚಿಗೆ ಸಮನಾಗಿ ಬರುವಂತೆ ಇಟ್ಟು, ಕೆಳಗೆ ರಬ್ಬರ್ ಹಾಸಬೇಕು.

ಇಪ್ಪತ್ತನಾಲ್ಕು ಗಂಟೆಯೂ ಉರಿಯುವ ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್ ತಲಾ 10 ವ್ಯಾಟ್‌ನಷ್ಟು ಬಿಸಿ ಬಿಡುತ್ತಲೇ ಇರುತ್ತವೆ. ಅವು ಆಂಪ್ಲಿಫೈಯರ್‌ನ ಖಾನೆಯಿಂದ ಹೊರಗಿರಲಿ. ವೈರ್‌ಗಳ ಗಂಟನ್ನು ಹಿಂದಿನ ಸೀಳಿನೆದುರು ಸುರುಳಿ ಸುತ್ತಿಟ್ಟರೆ ಗಾಳಿಯ ದಾರಿಯೇ ಮುಚ್ಚಿತು. ಕರೆಂಟಿನ ವೈರ್ ಒಂದು ಪಕ್ಕದಲ್ಲಿ, ಸಂಕೇತದ ವೈರ್ ಇನ್ನೊಂದು ಪಕ್ಕದಲ್ಲಿ ಇಳಿಯಬೇಕು, ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಬೇಕು. ಸಲಕರಣೆಯನ್ನು ಮುಂದಕ್ಕೆಳೆದು ಹಿಂದೆ ಕೈ ಹಾಕುವಷ್ಟು ಉದ್ದ ಬಿಟ್ಟಿರಬೇಕು. ಮೂರು ಪಿನ್ನಿನ ಪ್ಲಗ್‌ನ ಅರ್ತ್ ಪಿನ್ ಮುರಿದು ಗುಂಯ್‌ಕಾರ ನಿಲ್ಲಿಸುವ ಅಭ್ಯಾಸ ಜೀವಕ್ಕೆ ಅಪಾಯ, ಲೋಹದ ರ‍್ಯಾಕ್ ಇದ್ದಲ್ಲಿ ಇನ್ನೂ ಹೆಚ್ಚು.

ಗಾಳಿಗೆ ದಾರಿ ಕೊಟ್ಟರೆ ಧೂಳಿಗೂ ದಾರಿ ಕೊಟ್ಟಂತೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದ ಆಸುಪಾಸಿನ ಬೀದಿಗಳಲ್ಲಿ ಹಗಲಿಡೀ ಸರಕಿನ ಗಾಡಿಗಳು ಓಡಾಡುತ್ತವೆ. ರಸ್ತೆ ಅಗೆದಾಗಲಂತೂ ಬೀದಿಗೆ ಮುಖಮಾಡಿದ ಹಾಲ್‌ನಲ್ಲಿ ಒಂದೇ ದಿನಕ್ಕೆ ಧೂಳಿನ ಪದರ ಕೂರುತ್ತದೆ. ಹೀಟ್‌ಸಿಂಕ್‌ನ ರೆಕ್ಕೆಗಳ ಮೇಲೆ ಕೂತ ಧೂಳು ಕಂಬಳಿ ಹೊದಿಸಿದ ಪರಿಣಾಮ ಮಾಡುತ್ತದೆ. ಊದುಬತ್ತಿಯ ಹೊಗೆ, ಅಡುಗೆಯ ಜಿಡ್ಡು ಸೇರಿದರೆ ಅದು ಒರೆಸಿದರೂ ಹೋಗದು. ದೇವರ ಮನೆ ಮತ್ತು ಒಲೆಯ ಕಡೆಯಿಂದ ರ‍್ಯಾಕ್ ದೂರವಿರಬೇಕು ಎನ್ನುವುದು ಇದಕ್ಕಾಗಿ. ಬೆಚ್ಚಗಿನ ಜಾಗ ಹುಡುಕುವ ಜಿರಳೆ, ಹಲ್ಲಿಗಳು ಮಳೆಗಾಲದಲ್ಲಿ ಸೀಳುಗಳಿಂದ ಒಳಹೊಕ್ಕು ಸರ್ಕ್ಯೂಟ್ ಬೋರ್ಡ್ ಶಾರ್ಟ್ ಮಾಡುತ್ತವೆ. ಕಪಾಟಿನ ಸೀಳಿಗೆ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಅದು ಕೆಲವೇ ವಾರಗಳಲ್ಲಿ ಕಟ್ಟಿಕೊಳ್ಳುತ್ತದೆ, 2–3 ಮಿ.ಮೀ. ಕಣ್ಣಿನದು ಸಾಕು, ಹಲ್ಲಿ ಬರುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ. ಜಾಲರಿ ತಿರುಪಿನಿಂದ ಬಿಚ್ಚುವಂತಿರಬೇಕು, ಅಂಟಿಸಬಾರದು. ಎರಡು ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಒಣ ಬ್ರಶ್ಶಿನಿಂದ ಸೀಳುಗಳನ್ನು ಸ್ವಚ್ಛ ಮಾಡಿದರೆ ಸಾಕಾಗುತ್ತದೆ. ರೇಡಿಯೊ ಕಾಲದ ಕಸೂತಿ ಬಟ್ಟೆ ಹೊದಿಸುವ ಆಸೆ ಇದ್ದವರು ಸಲಕರಣೆ ಆಫ್ ಮಾಡಿ ತಣಿದ ಮೇಲೆ ಹೊದಿಸಿ, ಹಾಕುವ ಮೊದಲು ತೆಗೆದಿಡಬೇಕು.

ಕಪಾಟು ಸರಿಯಾಗಿದೆಯೇ ಎಂದು ತಿಳಿಯಲು ತಂತಿಯ ತುದಿಯಲ್ಲಿ ಪ್ರೋಬ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಬೇಕು. ಅದೂ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಪ್ರೋಬನ್ನು ಆಂಪ್ಲಿಫೈಯರ್‌ಗೆ ತಾಗಿಸದೆ, ಅದರ ಮೇಲಿನ ಹಲಗೆಯ ಕೆಳಮೈಯಲ್ಲಿ ನೇತುಬಿಟ್ಟು, ಬಾಗಿಲು ಹಾಕಿ, ಎಂದಿನ ಮಟ್ಟದಲ್ಲಿ ಎರಡು ಗಂಟೆ ಹಾಡು ಹಾಕಬೇಕು. ಕೋಣೆಯ ಉಷ್ಣಾಂಶಕ್ಕಿಂತ ಏರಿಕೆ 10 ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ. 15ರವರೆಗೆ ಬಂದರೆ ಸೀಳು ದೊಡ್ಡದು ಮಾಡಬೇಕು ಇಲ್ಲವೇ ಹಿಂದಿನ ಹಲಗೆ ತೆಗೆಯಬೇಕು. ಅದಕ್ಕೂ ಮೀರಿದರೆ ಫ್ಯಾನ್ ಇಲ್ಲದೆ ನಡೆಯದು. ಈ ಪರೀಕ್ಷೆಯನ್ನು ಡಿಸೆಂಬರ್‌ನಲ್ಲಿ ಮಾಡಿದರೂ ತೊಂದರೆಯಿಲ್ಲ; ಏರಿಕೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅದಕ್ಕೆ ಏಪ್ರಿಲ್‌ನ 35 ಡಿಗ್ರಿ ಕೂಡಿಸಿಕೊಂಡು ನೋಡಿದರಾಯಿತು. ಮೊತ್ತ 45 ದಾಟದಿದ್ದರೆ ಬಾಗಿಲು ಹಾಕಿಯೇ ಕೇಳಬಹುದು.